ಪರದೆಯ ಹಿಂದಿನ ಮರ

ಮೇ ತಿಂಗಳ ಹೈದರಾಬಾದಿನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥ ಹೊತ್ತಿನಲ್ಲಿ ಏಸಿ ಕೆಟ್ಟರೆ, ನೀರಿನ ಫಿಲ್ಟರ್ ನಿಂತುಹೋದರೆ, ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹತ್ತಿದರೆ ಜನ ಮೊಬೈಲ್ ತೆಗೆದು ಹತ್ತಿರದ ಸರ್ವಿಸ್ ಕಂಪನಿಯ ವೆಬ್‌ಸೈಟ್ ಹುಡುಕುತ್ತಾರೆ. ಕೂಕಟ್‌ಪಲ್ಲಿಯಲ್ಲೋ ದಿಲ್‌ಸುಖ್‌ನಗರದಲ್ಲೋ ಹತ್ತು ಹದಿನೈದು ಮೆಕ್ಯಾನಿಕ್‌ಗಳನ್ನು ಇಟ್ಟುಕೊಂಡು ನಡೆಯುವ ಇಂಥ ಕಂಪನಿಗಳ ಪುಟಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೇಲೆ ನಗುಮುಖದ ಮೆಕ್ಯಾನಿಕ್‌ನ ಫೋಟೊ, ಅದರ ಕೆಳಗೆ ದರಪಟ್ಟಿ, ಪಕ್ಕದಲ್ಲಿ ಹೆಸರು-ವಿಳಾಸ ತುಂಬುವ ಫಾರ್ಮ್, ಕೊನೆಗೆ ಕಿತ್ತಳೆ ಬಣ್ಣದ ‘ಬುಕ್ ನೌ’ ಗುಂಡಿ. ಕಣ್ಣು ಚೆನ್ನಾಗಿರುವವರಿಗೆ ಎರಡು ನಿಮಿಷದ ಕೆಲಸ. ಅದೇ ಪುಟವನ್ನು ಕಿವಿಯಿಂದ ಓದುವವರಿಗೆ, ಮೌಸ್ ಹಿಡಿಯಲಾಗದವರಿಗೆ, ಫೋನಿನಲ್ಲಿ ಮಾತು ಕೇಳಿಸದವರಿಗೆ ಎಷ್ಟೋ ಸಲ ಅದು ಮುಚ್ಚಿದ ಬಾಗಿಲು. ಆ ಬಾಗಿಲನ್ನು ಮುಚ್ಚುವುದು ಒಂದು ತಪ್ಪು ತಿಳಿವಳಿಕೆ ಎಂಬುದು ಈ ಅಧ್ಯಾಯದ ವಾದ. ಪುಟವನ್ನು ಮಾಡಿಸುವವರೂ ಮಾಡುವವರೂ ಅದನ್ನೊಂದು ಚಿತ್ರ ಎಂದುಕೊಂಡಿರುತ್ತಾರೆ. ನಿಜದಲ್ಲಿ ಅದೊಂದು ಬರಹ.

ಬ್ರೌಸರ್ ಪುಟವೊಂದನ್ನು ತೆರೆಯುವಾಗ ಸರ್ವರ್‌ನಿಂದ ಮೊದಲು ಬರುವುದು ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿ ಬರೆದ ಪಠ್ಯ. ಇದು ತಲೆಬರಹ, ಇದು ಪಟ್ಟಿ, ಇದು ಗುಂಡಿ, ಇದು ಹೆಸರು ತುಂಬುವ ಜಾಗ ಎಂದು ಆ ಪಠ್ಯವೇ ಹೇಳುತ್ತದೆ. ಬ್ರೌಸರ್ ಅದನ್ನು ಓದುತ್ತ ತನ್ನ ಮೆಮೊರಿಯಲ್ಲಿ ಕೊಂಬೆ-ರೆಂಬೆಗಳುಳ್ಳ ಒಂದು ಮರವನ್ನು ಕಟ್ಟಿಕೊಳ್ಳುತ್ತದೆ. ಪರದೆಯ ಮೇಲಿನ ಚಿತ್ರ ಮೂಡುವುದು ಆ ಮರದಿಂದ. ಅದೇ ಮರದಿಂದ ಬ್ರೌಸರ್ ಕಣ್ಣಿಗೆ ಬೀಳದ ಇನ್ನೊಂದನ್ನೂ ಬೆಳೆಸುತ್ತದೆ. ಅದರ ಹೆಸರು ಆಕ್ಸೆಸಿಬಿಲಿಟಿ ಟ್ರೀ. ಈ ಎರಡನೆಯ ಮರದ ಪ್ರತಿ ಎಲೆಯೂ ಮುಖ್ಯವಾಗಿ ಮೂರು ಸಂಗತಿಗಳನ್ನು ಹೊತ್ತಿರುತ್ತದೆ: ತಾನು ಏನು, ತನ್ನ ಹೆಸರೇನು, ಈಗ ತನ್ನ ಸ್ಥಿತಿ ಏನು. ‘ಗುಂಡಿ, ಬುಕ್ ಮಾಡಿ, ಒತ್ತಬಹುದು’ ಎನ್ನುವಂತೆ. ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶ ಪರದೆಯನ್ನು ನೋಡುವುದಿಲ್ಲ, ಈ ಎಲೆಗಳನ್ನು ಒಂದೊಂದಾಗಿ ಓದಿ ಹೇಳುತ್ತದೆ. ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಅಂಧ ಆಸ್ಟ್ರೇಲಿಯನ್ನರ ದುಡಿಮೆಯಿಂದ ಬೆಳೆದ, 2006ರಲ್ಲಿ ಆರಂಭವಾದ ಎನ್‌ವಿಡಿಎ ಇವತ್ತು ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಳ್ಳಬಹುದಾದ ಸ್ಕ್ರೀನ್ ರೀಡರ್. ಅದರಲ್ಲಿ ಎಚ್ ಕೀಲಿ ಒತ್ತಿದರೆ ಮುಂದಿನ ತಲೆಬರಹಕ್ಕೆ, ಬಿ ಒತ್ತಿದರೆ ಮುಂದಿನ ಗುಂಡಿಗೆ, ಎಫ್ ಒತ್ತಿದರೆ ಫಾರ್ಮಿನ ಮುಂದಿನ ಖಾಲಿ ಜಾಗಕ್ಕೆ ಜಿಗಿಯುತ್ತದೆ. ಕಣ್ಣಾಡಿಸುವುದು ಎನ್ನುತ್ತೇವಲ್ಲ, ಅದನ್ನೇ ಅವರು ಬೆರಳಿನಿಂದ ಮಾಡುತ್ತಾರೆ. ಆದರೆ ಜಿಗಿಯಲು ಕೊಂಬೆ ಇರಬೇಕು. ತಲೆಬರಹವನ್ನು ತಲೆಬರಹವೆಂದು ಗುರುತಿಸದೆ ಅಕ್ಷರವನ್ನು ದಪ್ಪ ಮಾಡಿ ಬಿಟ್ಟರೆ ನೋಡುವವರಿಗೆ ಅದು ತಲೆಬರಹ, ಮರದಲ್ಲಿ ಮಾತ್ರ ಬರೀ ಒಂದು ಸಾಲು.

ಕಿತ್ತಳೆ ಗುಂಡಿಯ ಕತೆಯೂ ಇದೇ. ಎಚ್‌ಟಿಎಂಎಲ್‌ನಲ್ಲಿ ಗುಂಡಿಗೆಂದೇ ಒಂದು ಪದವಿದೆ. ಅದನ್ನು ಬರೆದರೆ ಸಾಕು, ಕೀಲಿಮಣೆಯ ಟ್ಯಾಬ್ ಅಲ್ಲಿಗೆ ಮುಟ್ಟುತ್ತದೆ, ಎಂಟರ್ ಕೆಲಸ ಮಾಡುತ್ತದೆ, ಸ್ಕ್ರೀನ್ ರೀಡರ್ ‘ಗುಂಡಿ’ ಎನ್ನುತ್ತದೆ; ಯಾವುದಕ್ಕೂ ಹೆಚ್ಚಿನ ಶ್ರಮವಿಲ್ಲ. ಅದರ ಬದಲು ಖಾಲಿ ಡಬ್ಬಿಯೊಂದಕ್ಕೆ ಬಣ್ಣ ಬಳಿದು, ಮೌಸ್ ಕ್ಲಿಕ್ಕಿಗೆ ಮಾತ್ರ ಓಗೊಡುವಂತೆ ಕೋಡ್ ಬರೆಯುವ ರೂಢಿ ಹಬ್ಬಿದೆ. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ವೆಬ್‌ಏಮ್ ಸಂಸ್ಥೆ ಪ್ರತಿವರ್ಷ ಹತ್ತು ಲಕ್ಷ ವೆಬ್‌ಸೈಟ್‌ಗಳ ಮುಖಪುಟಗಳನ್ನು ಯಂತ್ರದಿಂದ ತಪಾಸಣೆ ಮಾಡುತ್ತದೆ. 2024ರಲ್ಲಿ ಅವುಗಳ ಪೈಕಿ ಶೇ. 95.9ರಷ್ಟು ಪುಟಗಳಲ್ಲಿ ದೋಷ ಸಿಕ್ಕಿತು. ಎದೆಗುಂದಿಸುವ ಅಂಕಿ. ಆದರೆ ಅದೇ ವರದಿಯ ಇನ್ನೊಂದು ಅಂಶ ಧೈರ್ಯ ಕೊಡುತ್ತದೆ: ಸಿಕ್ಕ ದೋಷಗಳಲ್ಲಿ ಬಹುಪಾಲು ಆರೇ ಬಗೆಯವು. ಮಸುಕಾದ ಅಕ್ಷರ, ವಿವರಣೆ ಇಲ್ಲದ ಚಿತ್ರ, ಹೆಸರಿಲ್ಲದ ಫಾರ್ಮ್ ಜಾಗ, ಖಾಲಿ ಕೊಂಡಿ, ಖಾಲಿ ಗುಂಡಿ, ಪುಟದ ಭಾಷೆ ಯಾವುದೆಂದು ಹೇಳದಿರುವುದು. ಮೊದಲನೆಯದು ಬಣ್ಣದ ವಿಷಯ. ಉಳಿದ ಐದೂ ಮರದಲ್ಲಿ ಎಲೆಯ ಮೇಲೆ ಹೆಸರು ಬರೆಯದೆ ಬಿಟ್ಟ ಮರೆವುಗಳು. ಕಾಯಿಲೆ ಊರೆಲ್ಲ ಹಬ್ಬಿದೆ, ಔಷಧ ಮಾತ್ರ ಅಡುಗೆಮನೆಯ ಡಬ್ಬದಲ್ಲೇ ಇದೆ.

ಈ ಆರರಲ್ಲಿ ಸೇರದ, ನಮ್ಮ ನಾಡುಗಳಿಗೇ ವಿಶೇಷವಾದ ಒಂದು ರೋಗವಿದೆ. ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹೊರದೇಶದ ಯಾವ ಕೈಪಿಡಿಯೂ ಇದನ್ನು ನಮಗಾಗಿ ಬರೆಯಲಾರದು. ಸಣ್ಣ ಕಂಪನಿಯ ದರಪಟ್ಟಿ ಸಾಮಾನ್ಯವಾಗಿ ಹುಟ್ಟುವುದು ಡಿಟಿಪಿ ಅಂಗಡಿಯಲ್ಲಿ, ಕರಪತ್ರವಾಗಿ. ಅಲ್ಲಿ ತೆಲುಗಿಗೆ ‘ಅನು’, ಕನ್ನಡಕ್ಕೆ ಹಳೆಯ ‘ನುಡಿ’ ಅಥವಾ ‘ಶ್ರೀಲಿಪಿ’ಯಂಥ, ಯೂನಿಕೋಡ್‌ಗೆ ಮೊದಲಿನ ಫಾಂಟ್‌ಗಳು ಇಂದಿಗೂ ಬಳಕೆಯಲ್ಲಿವೆ. ಇವು ಮಾಡುವುದೊಂದು ವೇಷ. ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳನ್ನು. ಫಾಂಟ್ ಅವುಗಳ ಮುಖಕ್ಕೆ ಕನ್ನಡದ ತುಂಡುಗಳನ್ನು ಅಂಟಿಸುತ್ತದೆ. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿ ಫಾಂಟ್ ಬದಲಿಸಿ ನೋಡಿದರೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಕ್ಯೂ ಹೊರಬರುತ್ತವೆ. ಕಣ್ಣಿಗೆ ಇದು ಕನ್ನಡ. ಸ್ಕ್ರೀನ್ ರೀಡರ್‌ಗೆ ಇದು ಅರ್ಥವಿಲ್ಲದ ಗಲಿಬಿಲಿ, ಗೂಗಲ್‌ನ ಹುಡುಕಾಟಕ್ಕೂ ಹಾಗೆಯೇ. ಅದನ್ನೇ ಪಿಡಿಎಫ್ ಮಾಡಿ ಏರಿಸಿದರೆ ಗಲಿಬಿಲಿಯೇ ಏರುತ್ತದೆ. ಜೆಪೆಗ್ ಚಿತ್ರ ಮಾಡಿ ಏರಿಸಿದರೆ ಅದೂ ಇಲ್ಲ, ‘ಚಿತ್ರ’ ಎಂಬ ಒಂದೇ ಪದ ಕೇಳಿಸುತ್ತದೆ. ಯೂನಿಕೋಡ್‌ನಲ್ಲಿ ತೆಲುಗಿಗೂ ಕನ್ನಡಕ್ಕೂ ತಲಾ 128 ಮನೆಗಳ ಓಣಿಗಳಿವೆ, ಅದೂ ಪಕ್ಕಪಕ್ಕದಲ್ಲೇ, ಲಿಪಿಗಳ ಇತಿಹಾಸ ಗೊತ್ತಿದ್ದವರಿಗೆ ಖುಷಿಯಾಗುವ ಹಾಗೆ. ಅಲ್ಲಿ ‘ಕ’ ಎಂದರೆ ಒಳಗೂ ಹೊರಗೂ ‘ಕ’ವೇ. ಆದ್ದರಿಂದ ದರಪಟ್ಟಿಯ ಚಿತ್ರಕ್ಕೆ ವಿವರಣೆ ಬರೆಯುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸವೆಂದರೆ ಚಿತ್ರವನ್ನೇ ತೆಗೆದು, ಯೂನಿಕೋಡ್ ಅಕ್ಷರಗಳಲ್ಲಿ ನಿಜವಾದ ಕೋಷ್ಟಕ ಬರೆಯುವುದು. ಗ್ಯಾಸ್ ತುಂಬಿಸಲು ಎಷ್ಟು, ಬರೀ ಸ್ವಚ್ಛಗೊಳಿಸಲು ಎಷ್ಟು ಎಂದು ಅಡ್ಡಸಾಲು-ಕಂಬಸಾಲುಗಳ ಹೆಸರಿನೊಂದಿಗೆ ಅದು ಓದಿಸಿಕೊಳ್ಳುತ್ತದೆ.

ಹೈದರಾಬಾದಿನ ಪುಟಕ್ಕೆ ಭಾಷೆಯ ಗುರುತು ಇನ್ನಷ್ಟು ಮುಖ್ಯ. ತೆಲುಗು, ಉರ್ದು, ಹಿಂದಿ, ಇಂಗ್ಲಿಷ್ ಒಟ್ಟೊಟ್ಟಿಗೆ ಬಾಳುವ ಊರದು. ಕಾಚಿಗುಡದ ನೃಪತುಂಗ ಶಾಲೆಯಿಂದಾಗಿ ಅಲ್ಲಿ ಕನ್ನಡ ಓದಬಲ್ಲ ಮನೆಗಳೂ ಇವೆ. ಪುಟದ ಆರಂಭದಲ್ಲಿ ತೆಲುಗಿಗೆ ‘ಟಿಇ’, ಕನ್ನಡಕ್ಕೆ ‘ಕೆಎನ್’, ಉರ್ದುವಿಗೆ ‘ಯುಆರ್’ ಎಂಬ ಎರಡಕ್ಷರದ ಗುರುತು ಇದ್ದರೆ ಧ್ವನಿಯಂತ್ರ ಆಯಾ ಭಾಷೆಯ ಉಚ್ಚಾರಣೆಗೆ ಬದಲಾಗಬಲ್ಲದು. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಧ್ವನಿಗೆ ತೆಲುಗೂ ಗೊತ್ತು, ಕನ್ನಡವೂ ಗೊತ್ತು. ಗುರುತು ಇಲ್ಲದಿದ್ದರೆ ಅದಕ್ಕೆ ಯಾವ ನಾಲಿಗೆ ಬಳಸಬೇಕೆಂಬುದೇ ಊಹೆಯಾಗುತ್ತದೆ. ಉರ್ದುವಿಗಂತೂ ಸಾಲು ಬಲದಿಂದ ಎಡಕ್ಕೆ ಹರಿಯುತ್ತದೆಂದು ಬೇರೆಯಾಗಿ ಹೇಳಬೇಕು.

ಬಣ್ಣದ ಮಾತಿಗೆ ಬರೋಣ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರಲ್ಲಿ ಮೊದಲು ಹೊರತಂದು, 2008, 2018 ಮತ್ತು 2023ರಲ್ಲಿ ಬೆಳೆಸಿದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಈ ಸಂಖ್ಯೆ ಆಕಾಶದಿಂದ ಉದುರಿದ್ದಲ್ಲ. ಚೆನ್ನಾಗಿ ಕಾಣುವ ಕಣ್ಣಿಗೆ 3ಕ್ಕೆ 1 ಸಾಕು ಎಂದು ಮೊದಲೇ ಮಾನದಂಡವಿತ್ತು. ಸಾಮಾನ್ಯ ಕಣ್ಣಿಗೆ 40 ಅಡಿಯಿಂದ ಕಾಣುವುದನ್ನು 20 ಅಡಿಗೆ ಬಂದು ನೋಡಬೇಕಾದವರಿಗೆ, ಅಂದರೆ ಸುಮಾರು 80ರ ವಯಸ್ಸಿನ ಹಿರಿಯರ ದೃಷ್ಟಿಗೆ, ಒಂದೂವರೆ ಪಟ್ಟು ಹೆಚ್ಚು ಬೇಕೆಂದು ಲೆಕ್ಕ ಹಾಕಿದರು, ಮೂರರ ಒಂದೂವರೆ ಪಟ್ಟು ನಾಲ್ಕೂವರೆ. ಹೊಳಪನ್ನು ಅಳೆಯುವಾಗ ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722 ತೂಕ ಕೊಡುತ್ತಾರೆ, ಏಕೆಂದರೆ ನಮ್ಮ ಕಣ್ಣು ಹಸಿರನ್ನು ಅತಿ ಪ್ರಕಾಶವಾಗಿಯೂ ನೀಲಿಯನ್ನು ಮಂದವಾಗಿಯೂ ಕಾಣುತ್ತದೆ. ಈ ಲೆಕ್ಕದಲ್ಲಿ ಬಿಳಿಯ ಮೇಲೆ ಕಪ್ಪು 21ಕ್ಕೆ 1. ನಮ್ಮ ಕಿತ್ತಳೆ ಗುಂಡಿಯ ಮೇಲಿನ ಬಿಳಿ ಅಕ್ಷರ 2ಕ್ಕೂ ಮುಟ್ಟುವುದಿಲ್ಲ. ಅದೇ ಕಿತ್ತಳೆಯ ಮೇಲೆ ಕಪ್ಪು ಅಕ್ಷರ ಬರೆದರೆ 10 ದಾಟುತ್ತದೆ. ಕಂಪನಿಯ ಬಣ್ಣ ಬದಲಾಗಬೇಕಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ನಿಂತು ಫೋನ್ ನೋಡುವ ಇಪ್ಪತ್ತರ ಯುವಕನಿಗೂ ಇದರ ಲಾಭವಿದೆ. ಕನ್ನಡ-ತೆಲುಗಿನಲ್ಲಿ ಇನ್ನೊಂದು ಎಚ್ಚರ ಬೇಕು. ದ-ಧ, ಪ-ಫ ಬೇರೆಯಾಗುವುದು ಕೂದಲೆಳೆಯಂಥ ಗೆರೆಯಿಂದ, ಒತ್ತಕ್ಷರ ಸಾಲಿನ ಅಡಿಗೆ ಇಳಿಯುತ್ತದೆ. ಇಂಗ್ಲಿಷಿಗೆ ಸಾಕಾಗುವ ಗಾತ್ರ, ಸಾಲಿನ ಅಂತರ ನಮ್ಮ ಲಿಪಿಗಳಿಗೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ದೃಷ್ಟಿಯ ಬಗ್ಗೆಯೇ ಇಷ್ಟು ಹೊತ್ತು ಹೇಳಿದ್ದರಿಂದ ಉಳಿದವರು ಮರೆಯಾಗಬಾರದು. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ವಿಕಲಚೇತನರನ್ನು ಎಣಿಸಿತು. ಅವರಲ್ಲಿ ನೋಟದ ತೊಂದರೆಯವರಿಗಿಂತ ಚಲನೆಯ ತೊಂದರೆಯವರೇ ಹೆಚ್ಚು, ಶ್ರವಣದೋಷವುಳ್ಳವರೂ ಸುಮಾರು ಅಷ್ಟೇ. ‘ಬುಕಿಂಗ್‌ಗೆ ಕರೆ ಮಾಡಿ’ ಎಂಬ ಒಂದೇ ದಾರಿ ಕಿವುಡರಿಗೆ ದಾರಿಯಲ್ಲ. ಪಕ್ಕದಲ್ಲಿ ಎಸ್‌ಎಂಎಸ್ ಅಥವಾ ವಾಟ್ಸಾಪ್ ಸಂದೇಶದ ದಾರಿ ಬೇಕು. ಕೈ ನಡುಗುವವರಿಗೆ ಗುಂಡಿ ತೀರಾ ಚಿಕ್ಕದಿರಬಾರದು. ಆ ಮಾರ್ಗಸೂಚಿಯ 2023ರ ಆವೃತ್ತಿ ಕನಿಷ್ಠ 24 ಪಿಕ್ಸೆಲ್ ಅಗಲ-ಎತ್ತರ ಕೇಳುತ್ತದೆ. ಸೊಟ್ಟ ಅಕ್ಷರಗಳನ್ನು ಗುರುತಿಸಿ ಟೈಪಿಸಿ ಎನ್ನುವ ಕ್ಯಾಪ್ಚಾ ಹುಟ್ಟಿದ್ದು ಯಂತ್ರಗಳನ್ನು ತಡೆಯಲೆಂದು, ತಡೆಯುವುದು ದೃಷ್ಟಿಹೀನರನ್ನೂ ಓದಲು ಕಷ್ಟಪಡುವವರನ್ನೂ. ಏಸಿ ರಿಪೇರಿಯ ಫಾರ್ಮಿಗೆ ಅದರ ಅಗತ್ಯವೇ ಇಲ್ಲ. ಮನುಷ್ಯರಿಗೆ ಕಾಣದಂತೆ ಅಡಗಿಸಿಟ್ಟ ಖಾಲಿ ಜಾಗವೊಂದನ್ನು ಯಾರು ತುಂಬಿದರೋ ಅವರು ಯಂತ್ರ ಎಂದು ಸರ್ವರ್ ತಾನೇ ಕಂಡುಹಿಡಿಯಬಹುದು. ಸ್ಕ್ರೀನ್ ರೀಡರ್‌ನಿಂದಲೂ ಅದನ್ನು ಮರೆಮಾಡಬೇಕು, ಅಷ್ಟೆ. ಇನ್ನು ಮನೆ ಎಲ್ಲಿದೆಯೆಂದು ನಕ್ಷೆಯ ಮೇಲೆ ಪಿನ್ ಎಳೆದು ತೋರಿಸಬೇಕು ಎನ್ನುವ ಫಾರ್ಮ್‌ಗಳು. ಹೈದರಾಬಾದಿನ ಮನೆ ಸಂಖ್ಯೆಗಳಲ್ಲಿ ಅಡ್ಡಗೆರೆ, ಓರೆಗೆರೆಗಳ ಸರಣಿಯೇ ಇರುತ್ತದೆ. ಅಲ್ಲಿ ವಿಳಾಸ ನಿಜಕ್ಕೂ ದಾರಿ ತೋರುವುದು ‘ಮಸೀದಿಯ ಎದುರು’, ‘ಮೆಟ್ರೊ ಕಂಬದ ಪಕ್ಕ’ ಎಂಬ ಮಾತುಗಳಿಂದ. ಆ ಮಾತನ್ನು ಬರೆಯಲು ಒಂದು ಸಾದಾ ಜಾಗ ಕೊಟ್ಟರೆ ನಕ್ಷೆ ಕಾಣದವರಿಗೂ ಬೆರಳು ಎಳೆಯಲಾಗದವರಿಗೂ ಕೆಲಸ ಆಗುತ್ತದೆ, ಮೆಕ್ಯಾನಿಕ್‌ಗೂ ಮನೆ ಸಿಗುತ್ತದೆ.

ಇದಕ್ಕೆಲ್ಲ ಮೊದಲ ಆಕ್ಷೇಪ ಮಾಲೀಕರದು: ‘ನಮ್ಮ ಸೈಟಿಗೆ ಅಂಧ ಗ್ರಾಹಕರು ಬರುವುದೇ ಇಲ್ಲ.’ ಇದು ಗೊತ್ತಾಗುವುದು ಹೇಗೆ? ಯಾರು ಸ್ಕ್ರೀನ್ ರೀಡರ್ ಬಳಸುತ್ತಿದ್ದಾರೆಂದು ಬ್ರೌಸರ್ ಸೈಟಿಗೆ ತಿಳಿಸುವುದಿಲ್ಲ. ಅದು ವ್ಯಕ್ತಿಯ ಖಾಸಗಿ ವಿಷಯ, ತಿಳಿಸದಿರುವುದೇ ಸರಿ. ಬಂದವರ ಲೆಕ್ಕ ತೋರಿಸುವ ಅನಲಿಟಿಕ್ಸ್‌ನಲ್ಲಿ ಅವರು ಎಲ್ಲರಂತೆ ಒಂದು ಅಂಕಿ. ಮುಖಪುಟದಲ್ಲೇ ಸಿಕ್ಕಿಹಾಕಿಕೊಂಡು ಹೊರಟುಹೋದವರು ಆಸಕ್ತಿ ಇಲ್ಲದೆ ಹೋದವರ ಲೆಕ್ಕಕ್ಕೆ ಸೇರಿರುತ್ತಾರೆ. ಮೆಟ್ಟಿಲು ಮಾತ್ರ ಇರುವ ಅಂಗಡಿಯೊಳಗೆ ಕುಳಿತು ಗಾಲಿಕುರ್ಚಿಯವರು ಯಾರೂ ಬರಲಿಲ್ಲ ಎಂದರೆ ಅದು ಬೇಡಿಕೆಯ ಅಳತೆಯಲ್ಲ, ಮೆಟ್ಟಿಲಿನ ಅಳತೆ. ಅದೇ ಜನಗಣತಿಯಲ್ಲಿ ಅವಿಭಜಿತ ಆಂಧ್ರಪ್ರದೇಶದ ವಿಕಲಚೇತನರು ಸುಮಾರು 22.7 ಲಕ್ಷ, ಕರ್ನಾಟಕದವರು 13 ಲಕ್ಷಕ್ಕೂ ಹೆಚ್ಚು. ಇವರ ಮನೆಗಳಲ್ಲೂ ಏಸಿ, ಫ್ರಿಜ್, ನಲ್ಲಿ ಕೆಡುತ್ತವೆ.

ಎರಡನೆಯ ಆಕ್ಷೇಪ ಕರುಣೆಯ ವೇಷದಲ್ಲಿ ಬರುತ್ತದೆ: ಮನೆಯವರು ಯಾರಾದರೂ ಮಾಡಿಕೊಡುತ್ತಾರಲ್ಲ. ಮಾಡಿಕೊಡಬಹುದು. ಆದರೆ ಹಣ ಕಟ್ಟುವ ಹಂತದಲ್ಲಿ ಕಾರ್ಡ್ ಸಂಖ್ಯೆ, ಒಟಿಪಿ ಎಲ್ಲವನ್ನೂ ಇನ್ನೊಬ್ಬರ ಕೈಗೆ ಕೊಡಬೇಕಾಗುತ್ತದೆ. ಬ್ಯಾಂಕುಗಳು ಯಾರಿಗೂ ಹೇಳಬೇಡಿ ಎಂದು ದಿನಕ್ಕೊಂದು ಸಂದೇಶ ಕಳಿಸುವ ಕಾಲದಲ್ಲಿ, ಒಂದು ವರ್ಗದ ನಾಗರಿಕರಿಗೆ ಮಾತ್ರ ಹೇಳಲೇಬೇಕಾದ ಸ್ಥಿತಿ ತಂದಿಡುವುದು ಅವರನ್ನು ಮೋಸಕ್ಕೆ ಒಡ್ಡಿದಂತೆ. ಒಂಟಿಯಾಗಿ ಬಾಳುವವರಿಗೆ ಅಂಥ ಮನೆಯವರೇ ಇರುವುದಿಲ್ಲ.

ಖರ್ಚಿನ ಆಕ್ಷೇಪ ಮಾತ್ರ ತೂಕದ್ದು, ಅದನ್ನು ತಳ್ಳಿಹಾಕಲಾರೆ. ಕಟ್ಟಿದ ಮೇಲೆ ಒಡೆದು ತಿದ್ದುವುದು ದುಬಾರಿ. ಯುರೋಪಿನ ಒಕ್ಕೂಟವೂ ತನ್ನ ಸುಗಮ್ಯತೆಯ (ಆಕ್ಸೆಸಿಬಿಲಿಟಿಯ) ಕಾನೂನು 2025ರ ಜೂನ್ 28ರಿಂದ ಅನ್ವಯವಾದಾಗ ಹತ್ತಕ್ಕಿಂತ ಕಡಿಮೆ ಜನರ ಅತಿ ಸಣ್ಣ ಸೇವಾ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದೆ. ಆದರೂ ಸಣ್ಣ ಸೈಟಿನ ಅನುಕೂಲವೇ ಅದು ಸಣ್ಣದು ಎಂಬುದು. ಐದಾರು ಪುಟ, ಒಂದು ಫಾರ್ಮ್, ಒಂದು ಕೋಷ್ಟಕ. ಸರಿಯಾದ ಗುಂಡಿ ಬರೆಯಲು ತಪ್ಪು ಗುಂಡಿಗಿಂತ ಕಡಿಮೆ ಕೋಡ್ ಸಾಕು. ಯುರೋಪ್, ಅಮೆರಿಕದ ಗ್ರಾಹಕರಿಗಾಗಿ ತಂತ್ರಾಂಶ ಬರೆಯುವ ಮಾದಾಪುರ-ಗಚ್ಚಿಬೌಲಿಯ ಕಚೇರಿಗಳಿಗೆ ಈ ಮಾರ್ಗಸೂಚಿಗಳು ಹೊಸವಲ್ಲ. ಅಲ್ಲಿಂದ ಕೂಕಟ್‌ಪಲ್ಲಿಗೆ ಬಸ್ಸಿನ ದಾರಿ. ಇದರ ನಡುವೆ, ಒಂದು ಸಾಲಿನ ಕೋಡ್ ಅಂಟಿಸಿದರೆ ಸೈಟ್ ತಾನೇ ಸರಿಹೋಗುತ್ತದೆಂದು ಮಾರುವವರಿದ್ದಾರೆ. ಅಂಥ ಹೇಳಿಕೆಗಳಿಗಾಗಿ ಆಕ್ಸೆಸಿಬಿ ಎಂಬ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಕ್ರಮ ಪ್ರಕಟಿಸಿತು, ಮೊತ್ತ ಹತ್ತು ಲಕ್ಷ ಡಾಲರ್. ಕಾರಣ ಸರಳ: ಮರದಲ್ಲಿ ಹೆಸರಿಲ್ಲದ ಎಲೆಗೆ ಯಾವ ಹೆಸರು ಎಂಬುದು ಪುಟ ಬರೆದವರಿಗೆ ಗೊತ್ತು, ಹೊರಗಿನಿಂದ ಬಂದ ತುಂಡು ಕೋಡ್ ಊಹೆಯನ್ನಷ್ಟೇ ಮಾಡಬಲ್ಲದು.

ಕಾನೂನು ಸರ್ಕಾರಿ ಸೈಟುಗಳಿಗೆ ಮಾತ್ರ ಎಂಬ ನಂಬಿಕೆಯೂ ಗಟ್ಟಿಯಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 46ನೇ ಕಲಂ ಸೇವೆ ಒದಗಿಸುವವರು ‘ಸರ್ಕಾರಿಯಾಗಲಿ ಖಾಸಗಿಯಾಗಲಿ’ ನಿಯಮ ಪಾಲಿಸಬೇಕೆಂದು ಹೇಳುತ್ತದೆ. ತೊಡಕು ಇದ್ದದ್ದು ನಿಯಮದಲ್ಲೇ. ಕಾಯ್ದೆ ಕಡ್ಡಾಯ ಎಂದರೆ, 2017ರ ನಿಯಮಗಳ 15ನೆಯದು ಸಲಹೆಯ ಧಾಟಿಯ ಮಾರ್ಗಸೂಚಿಗಳತ್ತ ಬೆರಳು ತೋರಿಸಿತ್ತು. ಈ ತೊಡಕನ್ನು ಬಿಡಿಸಲು ನೆರವಾದ ಕೆಲಸ ಹೈದರಾಬಾದಿನಲ್ಲೇ ನಡೆಯಿತು ಎಂಬುದು ಹೆಚ್ಚು ಜನರಿಗೆ ತಿಳಿಯದು. ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ, ಸುಗಮ್ಯತೆಯ ವಿಷಯದಲ್ಲಿ ನೆಲದ ಮೇಲಿನ ಸ್ಥಿತಿ ಹೇಗಿದೆಯೆಂದು ವರದಿ ಮಾಡುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ಕೇಳಿದ್ದು ಶಾಮೀರ್‌ಪೇಟೆಯ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ವಿಕಲಚೇತನ ಅಧ್ಯಯನ ಕೇಂದ್ರವನ್ನು. ಆ ವರದಿಯ ಹೆಸರು ‘ಫೈಂಡಿಂಗ್ ಸೈಜಸ್ ಫಾರ್ ಆಲ್’. ಎಲ್ಲರ ಮೈಗೂ ಒಂದೇ ಅಳತೆಯ ಅಂಗಿ ಹೊಲಿಯಲಾಗದು ಎಂಬ ಅರ್ಥ ಹೆಸರಿನಲ್ಲೇ ಇದೆ. ಅದನ್ನು ಮುಂದಿಟ್ಟುಕೊಂಡು 2024ರ ನವೆಂಬರ್ 8ರಂದು ನ್ಯಾಯಾಲಯ 15ನೇ ನಿಯಮ ಮೂಲ ಕಾಯ್ದೆಗೆ ವಿರುದ್ಧವೆಂದು ಹೇಳಿ, ಬಿಡಲಾಗದ ಕನಿಷ್ಠ ನಿಯಮಗಳನ್ನು ಬೇರೆಯಾಗಿ ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಸುಗಮ್ಯತೆ ಮೊದಲೇ ಇರಬೇಕಾದದ್ದು, ಯಾರೋ ಬಂದು ಕೇಳಿದ ಮೇಲೆ ಮಾಡಿಕೊಡುವ ಹೊಂದಾಣಿಕೆ ಬೇರೆ ಎಂಬ ವಿವೇಚನೆ ಆ ತೀರ್ಪಿನಲ್ಲಿದೆ, ನಮ್ಮ ವಿಷಯಕ್ಕೆ ಅದೇ ತಿರುಳು. ಮುಂದೆ 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ನ್ಯಾಯಾಲಯ ಡಿಜಿಟಲ್ ಸೇವೆ ಎಟುಕುವುದನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿತು. ಆ ಪ್ರಕರಣದ ಹಿನ್ನೆಲೆ ಇದು: ಆಸಿಡ್ ದಾಳಿಗೆ ಒಳಗಾಗಿ ರೆಪ್ಪೆ ಮಿಟುಕಿಸಲಾಗದವರಿಗೆ, ‘ಕಣ್ಣು ಮಿಟುಕಿಸಿ’ ಎಂದು ಕೇಳುವ ಬ್ಯಾಂಕಿನ ಕೆವೈಸಿ ಬಾಗಿಲು ತೆರೆಯುತ್ತಿರಲಿಲ್ಲ.

ಹಾಗಾದರೆ ಮಾಲೀಕರು ನಾಳೆ ಎಲ್ಲಿಂದ ಆರಂಭಿಸಬೇಕು? ಯಂತ್ರದ ತಪಾಸಣೆಗೂ ಮೊದಲು ಮೌಸನ್ನು ಬದಿಗಿಟ್ಟು, ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದಲೇ ತಮ್ಮ ಸೈಟಿನಲ್ಲಿ ಒಂದು ಬುಕಿಂಗ್ ಮುಗಿಸಿ ನೋಡಬೇಕು. ಈಗ ಎಲ್ಲಿದ್ದೇವೆ ಎಂದು ತೋರಿಸುವ ಚೌಕಟ್ಟು ಪರದೆಯ ಮೇಲೆ ಕಾಣುತ್ತಿದೆಯೇ, ತಿಂಗಳ ಕ್ಯಾಲೆಂಡರ್ ತೆರೆದಾಗ ಅದರೊಳಗೆ ಹೋಗಿ ಹೊರಬರಲು ಆಗುತ್ತದೆಯೇ, ಮೂಲೆಯಲ್ಲಿ ತೇಲುವ ಚಾಟ್ ಪೆಟ್ಟಿಗೆ ದಾರಿಗೆ ಅಡ್ಡ ನಿಲ್ಲುತ್ತದೆಯೇ ಎಂದು ಗಮನಿಸಬೇಕು. ಆಮೇಲೆ ಎನ್‌ವಿಡಿಎ ಹಾಕಿಕೊಂಡು, ಮಾನಿಟರ್ ಆರಿಸಿ, ಅದೇ ಕೆಲಸ. ಇದಾದ ಮೇಲೆ ಪ್ರತಿದಿನ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಗೆ ಸಂಭಾವನೆ ಕೊಟ್ಟು ಕೂರಿಸಿ, ನಡುವೆ ಬಾಯಿ ಹಾಕದೆ ಕೇಳಬೇಕು. ಬೇಗಂಪೇಟೆಯ ದೇವನಾರ್ ಅಂಧರ ಶಾಲೆಯಂಥ ಸಂಸ್ಥೆಗಳಿರುವ ಊರಿನಲ್ಲಿ ಅಂಥವರನ್ನು ಹುಡುಕುವುದು ಕಷ್ಟವಲ್ಲ. ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಕೊನೆಯ ಕ್ಷಣಕ್ಕೆ. ಗುಂಡಿ ಒತ್ತಿದ ಮೇಲೆ ‘ನಿಮ್ಮ ಬುಕಿಂಗ್ ಆಗಿದೆ’ ಎಂಬ ಹಸಿರು ಸಾಲು ಪುಟದ ತಲೆಯಲ್ಲಿ ಸದ್ದಿಲ್ಲದೆ ಮೂಡುತ್ತದೆ. ಮರದಲ್ಲಿ ಆ ಸಾಲಿಗೆ ‘ಇದು ಬದಲಾದರೆ ಓದಿ ಹೇಳು’ ಎಂಬ ಗುರುತು ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಮೌನವಾಗಿರುತ್ತದೆ. ಕೇಳುತ್ತ ಕುಳಿತವರಿಗೆ ಏನೂ ಆಗಿಲ್ಲವೆಂದೇ ಅರ್ಥ. ಅವರು ಗುಂಡಿಯನ್ನು ಇನ್ನೊಮ್ಮೆ ಒತ್ತುತ್ತಾರೆ, ಹಣ ಇನ್ನೊಮ್ಮೆ ಕಡಿತವಾಗುತ್ತದೆ.